ಅಜ್ಜನ ಹಿರಿಮಗ

ಲಿಯೆಮ್‌ಗೆ ಹಾಡಲು ಬರುತ್ತಿರಲಿಲ್ಲ. ಆದರೂ ಹಾಡುತ್ತಿದ್ದ. ಎರಡು ಹಗಲು ಒಂದು ರಾತ್ರಿಗೆಂದು ನಮ್ಮ ಹೋನ್ ತೂ ದ್ವೀಪಕ್ಕೆ ಬರುವ ಪಟ್ಟಣದ ಜನಕ್ಕೆ ಹವಳ ತೋರಿಸಿದರೆ ಸಾಲದು, ಸಂಜೆ ಅವರ ಜೊತೆ ಕೂತು ಅಕ್ಕಿ ಸಾರಾಯಿ ಕುಡಿದು ಮೈಕು ಹಿಡಿದು ಅರಚಲೂ ಬೇಕು. ಅದನ್ನು ಮಾಡದ ಗೈಡಿಗೆ ಮುಂದಿನ ಸಲ ಯಾರೂ ಫೋನು ಮಾಡುವುದಿಲ್ಲ. ಅವರ ಊಟ ನನ್ನ ಅಂಗಳದಲ್ಲಿ, ನಿದ್ದೆ ನನ್ನ ಮಹಡಿಯ ಕೋಣೆಗಳಲ್ಲಿ. ಹಾಗಾಗಿ ಆ ಅರಚಾಟವನ್ನು ಎಷ್ಟೋ ವರ್ಷ ಕೇಳಿಸಿಕೊಂಡ ಪಾಪಿ ನಾನು. ಕೆಂಡದ ಮೇಲೆ ಬೊಂಡಾಸ ಮೀನು ತಿರುವಿ ಹಾಕುತ್ತ, ನಿನ್ನ ಹಾಡಿಗೆ ಹೆದರಿ ಮೀನೆಲ್ಲ ಆಚೆ ದಡದ ಫಾನ್ ಥಿಯೆತ್ ಕಡೆಗೆ ಗುಳೆ ಹೋಗುತ್ತವೆ ಎಂದು ರೇಗಿಸುತ್ತಿದ್ದೆ. ಅವನು ಹಲ್ಲು ಬಿಟ್ಟು ನಕ್ಕು ಇನ್ನೊಂದು ಹಾಡು ಶುರು ಮಾಡುತ್ತಿದ್ದ.

ಅವನ ಜೊತೆಗೆ ಇಬ್ಬರಿರುತ್ತಿದ್ದರು. ಬೋಟು ತಾಮ್ ಮಾವನದು. ಲಿಯೆಮ್‌ಗೆ ಮಗಳು ಲುವಾಳನ್ನು ಕೊಟ್ಟ ಮಾವ; ಊರಿಗೆಲ್ಲ ಅವನು ಮಾವನೇ. ಇನ್ನೊಬ್ಬ ಖಾಂಗ್, ಲಿಯೆಮ್‌ನ ಚಿಕ್ಕಮ್ಮನ ಮಗ. ದಡದ ಊರಲ್ಲಿ ಯಾವ ಕೆಲಸದಲ್ಲೂ ನಿಲ್ಲದೆ, ಒಂದು ಜೊತೆ ಬಟ್ಟೆ ಹಿಡಿದು ಬಂದಿದ್ದವನನ್ನು ಲಿಯೆಮ್ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿ ಕೆಲಸ ಕಲಿಸಿದ. ಹುಡುಗ ಚುರುಕು, ನೋಡಲು ಲಕ್ಷಣ, ಹಾಡಂತೂ ಸೊಗಸು. ಅಣ್ಣ ಎಂದರೆ ಪ್ರಾಣ ಬಿಡುವವನ ಹಾಗೆ ಆಡುತ್ತಿದ್ದ. ನನಗೂ ಅವನೆಂದರೆ ಅಕ್ಕರೆಯಿತ್ತು. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಗುತ್ತದೆ.

ಕಡಲಿಗೆ ಇಳಿಯುವ ನಮ್ಮವರು ಯಾರೂ ತಿಮಿಂಗಿಲವನ್ನು ತಿಮಿಂಗಿಲ ಎನ್ನುವುದಿಲ್ಲ. ಅಜ್ಜ ಎನ್ನುತ್ತೇವೆ. ಬಿರುಗಾಳಿಗೆ ಸಿಕ್ಕ ದೋಣಿಗೆ ಬೆನ್ನು ಕೊಟ್ಟು ದಡ ಸೇರಿಸುವವನು ಅಜ್ಜ. ಅಂಥ ಅಜ್ಜ ತೀರಿಕೊಂಡು ತೇಲಿ ಬಂದರೆ, ಮೊದಲು ಕಂಡವನು ಅವನ ಹಿರಿಮಗನಾಗುತ್ತಾನೆ. ಹೆತ್ತ ತಂದೆ ಸತ್ತ ಹಾಗೆ ತಲೆಗೆ ಬಿಳಿ ಬಟ್ಟೆ ಕಟ್ಟಿ ಮರಳಲ್ಲಿ ಮಣ್ಣು ಮಾಡಬೇಕು, ಮೂರು ವರ್ಷ ಸೂತಕ ಹಿಡಿಯಬೇಕು. ಹಾಡು, ಕುಡಿತ, ಮದುವೆ ಊಟ ಯಾವುದೂ ಇಲ್ಲ. ಬೆಳಗ್ಗೆ ಸಂಜೆ ಸಮಾಧಿಗೆ ಊದುಬತ್ತಿ ಹಚ್ಚಬೇಕು. ಆಮೇಲೆ ಮೂಳೆ ಎತ್ತಿ, ಸಾರಾಯಿಯಲ್ಲಿ ತೊಳೆದು, ಕೆಂಪು ಬಟ್ಟೆ ಹೊದಿಸಿ ಊರಿನ ಅಜ್ಜನ ಗುಡಿಗೆ ತರುವ ದಿನ, ತಲೆಬುರುಡೆಯ ಚಟ್ಟಕ್ಕೆ ಮೊದಲ ಹೆಗಲು ಅವನದು. ಊರಿನ ಎಂಥ ಸಿರಿವಂತನಿಗೂ ಆ ಹೆಗಲು ಸಿಗುವುದಿಲ್ಲ.

ಲಿಯೆಮ್‌ನ ಕಣ್ಣಿಗೆ ಅಜ್ಜ ಬಿದ್ದದ್ದು ಪ್ರವಾಸಿಗಳನ್ನು ಕೂರಿಸಿಕೊಂಡು ಉತ್ತರದ ಬಂಡೆಗಳ ಕಡೆ ಹೋಗುತ್ತಿದ್ದಾಗ. ಅವನು ಬೋಟಿನ ಮುಂದಿನ ಮೂತಿಯಲ್ಲಿ ನಿಂತಿದ್ದ. ಖಾಂಗ್ ಕೆಳಗೆ ಬಗ್ಗಿ ನೀರೊಳಗೆ ನೋಡುವ ಕನ್ನಡಕಗಳ ಸಿಕ್ಕು ಬಿಡಿಸುತ್ತಿದ್ದ. ಮಾವ ಚುಕ್ಕಾಣಿಯಲ್ಲಿದ್ದ. ಲಿಯೆಮ್ ಕೂಗಿದ ಮೇಲೆಯೇ ಉಳಿದವರೆಲ್ಲ ತಲೆ ಎತ್ತಿದ್ದು. ಬಂದವರು ಫೋಟೋ ತೆಗೆಯಲು ಎದ್ದು ನಿಂತರೆ, ಅವರನ್ನು ಗದರಿಸಿ ಕೂರಿಸಿ, ತನ್ನ ಅಂಗಿ ಬಿಚ್ಚಿ ನೀರಿಗೆ ಹಾರಿ ಅಜ್ಜನ ಕಣ್ಣಿನ ಮೇಲೆ ಹೊದಿಸಿದನಂತೆ. ಇದನ್ನು ನಾನು ಕನಸು ಕಂಡು ಹೇಳುತ್ತಿಲ್ಲ. ಆ ದಿನ ಸಂಜೆ ನನ್ನ ಒಲೆಯ ಮುಂದೆ ಕೂತು ಗಂಜಿ ಕುಡಿಯುತ್ತ ಮೂವರೂ ಹೇಳಿದ್ದು ಇದೇ ಮಾತು. ಅಣ್ಣನ ಕಣ್ಣು ಹದ್ದಿನ ಕಣ್ಣು ಎಂದು ಹೊಗಳಿದವನು ಖಾಂಗ್. ನನ್ನ ಅಳಿಯ ಹಿರಿಮಗನಾದ ಎಂದು ಕಣ್ಣೊರೆಸಿಕೊಂಡವನು ಮಾವ.

ಹಾಡದ, ಕುಡಿಯದ ಗೈಡನ್ನು ಯಾರು ಕೇಳುತ್ತಾರೆ? ಲಿಯೆಮ್ ಎರಡನೇ ಯೋಚನೆ ಮಾಡಲಿಲ್ಲ. ಬರುವವರ ಫೋನ್ ನಂಬರುಗಳು, ಪಟ್ಟಣದ ಏಜೆಂಟರ ಪರಿಚಯ, ಮಾವನ ಬೋಟು, ಎಲ್ಲವನ್ನೂ ತಮ್ಮನ ಕೈಗಿಟ್ಟ.

"ಅಜ್ಜನ ಕೆಲಸ ಮುಗಿಯೋ ತನಕ ನೀನು ನೋಡ್ಕೋ. ಆಮೇಲೆ ಇಬ್ರೂ ಸೇರಿ ಮಾಡೋಣ," ಎಂದ.

ಖಾಂಗ್ ಅಣ್ಣನ ಕೈ ಹಿಡಿದು, ನೀನಿಲ್ಲದೆ ನನಗೆ ಇದು ಸಾಧ್ಯವೇ ಎಂದು ಏನೇನೋ ಹೇಳಿದ. ಸಾಧ್ಯವಾಯಿತು, ಚೆನ್ನಾಗಿಯೇ ಸಾಧ್ಯವಾಯಿತು. ಲಿಯೆಮ್ ಬೇರೆಯವರ ಬಲೆ ಹೊಲಿದುಕೊಂಡು, ಲುವಾ ಒಣಮೀನು ಮಾರಿಕೊಂಡು ದಿನ ದೂಡಿದರು. ಇತ್ತ ನನ್ನ ಅಂಗಳ ವಾರವಾರವೂ ತುಂಬಿತು. ನನಗೆ ವ್ಯಾಪಾರ ಕೊಟ್ಟವನು ಖಾಂಗ್ ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ.

ಖಾಂಗ್ ಪ್ರವಾಸಕ್ಕೆ ಹೊಸದೊಂದು ಜಾಗ ಸೇರಿಸಿದ. ಎರಡನೇ ದಿನ ಬೆಳಗ್ಗೆ ಅಜ್ಜನ ಸಮಾಧಿ. ಮೊದಮೊದಲು ನಮ್ಮಣ್ಣ ಕಂಡದ್ದು ಎಂದೇ ಹೇಳುತ್ತಿದ್ದ. ಬಂದವರಿಗೆ ಹಿರಿಮಗನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಲಿಯೆಮ್ ಒಪ್ಪುತ್ತಿರಲಿಲ್ಲ, ಸೂತಕದ ಬಟ್ಟೆ ತೋರಿಸಿಕೊಳ್ಳುವುದಕ್ಕಲ್ಲ ಎನ್ನುತ್ತಿದ್ದ. ಜನ ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು. ಗಿರಾಕಿಯ ಮುಖ ಸಣ್ಣದಾಗುವುದನ್ನು ಖಾಂಗ್ ಸಹಿಸುವವನಲ್ಲ. ಕಥೆಯಲ್ಲಿ ಅಣ್ಣ ಮೆಲ್ಲಗೆ ಹಿಂದೆ ಸರಿದ. ಮೊದಲು ನಾವು ಕಂಡೆವು ಎಂದಾಯಿತು, ಆಮೇಲೆ ನಾನು ಕಂಡೆ ಎಂದಾಯಿತು.

ಒಂದು ಬೆಳಗ್ಗೆ ನಾನು ಊದುಬತ್ತಿ ಹಚ್ಚಲು ಹೋದಾಗ ಅವನ ತಂಡ ಅಲ್ಲಿತ್ತು. ಖಾಂಗ್ ತಲೆಗೊಂದು ಹೊಚ್ಚ ಹೊಸ ಬಿಳಿ ಬಟ್ಟೆ ಸುತ್ತಿಕೊಂಡು, ಅಂಗಿ ಬಿಚ್ಚಿ ಅಜ್ಜನ ಕಣ್ಣು ಮುಚ್ಚಿದ್ದನ್ನು ಬಣ್ಣ ಕಟ್ಟಿ ಹೇಳುತ್ತಿದ್ದ. ಒಬ್ಬಳು ವಿಡಿಯೋ ಮಾಡಿಕೊಳ್ಳುತ್ತ ಅಳುತ್ತಿದ್ದಳು. ಲಿಯೆಮ್ ಪೊರಕೆ ಹಿಡಿದು ಅಲ್ಲೇ ನಿಂತಿದ್ದ. ಯಾರೋ ಅವನತ್ತ ಕೈ ತೋರಿಸಿ ಕೇಳಿದರು.

"ಇವರು ನಮ್ಮಣ್ಣ," ಎಂದ ಖಾಂಗ್. "ಇಲ್ಲಿ ಗುಡಿಸೋದು ಒರೆಸೋದು ಇವರೇ ನೋಡ್ಕೋತಾರೆ."

ನನ್ನ ಮೈಯೆಲ್ಲ ಉರಿದುಹೋಯಿತು. ತಂಡ ಅತ್ತ ಹೋದ ಮೇಲೆ ಲಿಯೆಮ್‌ನನ್ನು ತರಾಟೆಗೆ ತೆಗೆದುಕೊಂಡೆ. ನಿನ್ನ ಅಪ್ಪನ ಸಮಾಧಿಯ ಮುಂದೆ ಇನ್ನೊಬ್ಬ ನಾನೇ ಮಗ ಎನ್ನುತ್ತಾನೆ, ನೀನು ಕಂಬದ ಹಾಗೆ ನಿಂತಿದ್ದೀಯಲ್ಲ ಎಂದೆ.

"ಬಿಡು ದಾವ್ ಅಕ್ಕ," ಎಂದ. "ಬಂದೋರಿಗೆ ಕಥೆ ಬೇಕು, ಹೇಳ್ತಾನೆ. ನಾಳೆ ದೋಣಿ ಹತ್ತಿ ಹೋಗೋರು ಅವರು. ಊರಿಗೆ ಗೊತ್ತಿಲ್ವಾ?"

ಊರಿಗೆ ಗೊತ್ತಿತ್ತು. ಅದನ್ನೇ ನೆಚ್ಚಿಕೊಂಡು ಕೂತ ಅವನು. ಆದರೆ ಆ ಅಳುತ್ತಿದ್ದವಳ ವಿಡಿಯೋ ಎಲ್ಲೆಲ್ಲಿಗೋ ಹೋಯಿತು. ಸೈಗಾನಿನ ಸಿರಿವಂತನೊಬ್ಬ ಅದನ್ನು ನೋಡಿ ಖಾಂಗ್‌ನನ್ನು ಹುಡುಕಿಕೊಂಡು ಬಂದ, ಸೋರುತ್ತಿದ್ದ ಗುಡಿಗೆ ಹೊಸ ಚಾವಣಿ ಹಾಕಿಸಿಕೊಟ್ಟ. ಗುಡಿಯ ಯಜಮಾನ ಖಾಂಗ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಹ ಕುಡಿಯುವ ಕಾಲ ಬಂತು. ಸಿರಿವಂತ ಹೋಗುವಾಗ, ಮೂಳೆ ಎತ್ತುವ ದಿನ ಬಂದೇ ಬರುತ್ತೇನೆ, ಹಿರಿಮಗ ಹೆಗಲು ಕೊಡುವುದನ್ನು ಕಣ್ಣಾರೆ ನೋಡಬೇಕು ಎಂದು ಹೇಳಿಹೋದ.

ಹೇಳಿದ ಹಾಗೆ, ಮೂರು ವರ್ಷ ತುಂಬಿ ಮೂಳೆ ಎತ್ತುವ ಹಿಂದಿನ ದಿನ ಬಂದೂ ಬಂದ. ಅವತ್ತು ಸಂಜೆ ಅವನನ್ನು ನನ್ನ ಮಹಡಿಯಲ್ಲಿ ಮಲಗಲು ಕಳಿಸಿ, ಹಿರಿಯರೆಲ್ಲ ಗುಡಿಯಲ್ಲಿ ಸೇರಿದರು. ಚಹ ಕೊಡಲು ನಾನಿದ್ದೆ. ಯಜಮಾನ ಅಲ್ಲಿ ಇಲ್ಲಿ ಸುತ್ತಿ, ಮೊದಲ ಹೆಗಲಿನ ವಿಷಯದಲ್ಲಿ ಒಂದು ಮಾತು ಬಂದಿದೆ, ಖಾಂಗ್ ಹೇಳಲಿ ಎಂದ.

ಖಾಂಗ್ ಎದ್ದು ನಿಂತು ಕೈ ಕಟ್ಟಿಕೊಂಡ. "ಮೊದಲು ಕಂಡಿದ್ದು ನಾನೇ. ಅಣ್ಣ ದೊಡ್ಡೋನು, ಆ ಮರ್ಯಾದೆ ಅವನಿಗಿರಲಿ ಅಂತ ಬಿಟ್ಟುಕೊಟ್ಟೆ. ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ."

ಸುಳ್ಳು ಹೇಳಿದ್ದಲ್ಲದೆ, ಆ ಸುಳ್ಳಲ್ಲಿ ತಾನೇ ದೊಡ್ಡ ಮನುಷ್ಯನೂ ಆದ. ಅಂಥ ನಾಲಿಗೆ ಅವನದು. ಎಲ್ಲರೂ ಲಿಯೆಮ್‌ನ ಕಡೆ ತಿರುಗಿದರು. ಸೂತಕದಲ್ಲಿರುವ ಹಿರಿಮಗ, ಮೂಳೆ ಏಳುವ ತನಕ ಅಣ್ಣತಮ್ಮಂದಿರ ಜೊತೆ ಜಗಳಕ್ಕೆ ಬಾಯಿ ತೆರೆಯಬಾರದು. ತೆರೆದರೆ ಅಜ್ಜನಿಗೆ ನೆಮ್ಮದಿಯಿಲ್ಲ. ಇದು ಖಾಂಗ್‌ಗೂ ಗೊತ್ತು, ಯಜಮಾನನಿಗೂ ಗೊತ್ತು. ಬೇರೆ ಯಾರಾದರೂ ಆಗಿದ್ದರೆ ಸಂಪ್ರದಾಯವನ್ನು ಆ ಹೊತ್ತಿಗೆ ಗಂಟು ಕಟ್ಟಿಟ್ಟು ತಮ್ಮನ ಕಪಾಳಕ್ಕೆ ಬಾರಿಸುತ್ತಿದ್ದರು. ನಾನಂತೂ ಬಾರಿಸುತ್ತಿದ್ದೆ. ಇವನು ತಲೆ ತಗ್ಗಿಸಿ ಕೂತಿದ್ದ. ಆದರೆ ಮುಖದಲ್ಲಿ ಹೆದರಿಕೆಯಿರಲಿಲ್ಲ, ಏಕೆಂದರೆ ಎದುರಿಗೆ ತಾಮ್ ಮಾವ ಕೂತಿದ್ದ.

"ಬೋಟಲ್ಲಿ ಮಾವ ಇದ್ರು. ಮಾವನ್ನ ಕೇಳಿ," ಎಂದಷ್ಟೇ ಹೇಳಿದ.

ಮಾವ ಚಹದ ಬಟ್ಟಲನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಆಗ ಅವನ ಬೋಟಿಗೆ ಅನ್ನ ಹಾಕುತ್ತಿದ್ದವನು ಖಾಂಗ್. "ನಾನು ಇಂಜಿನ್ ಕಡೆ ಬಗ್ಗಿದ್ದೆ," ಎಂದ. "ತಲೆ ಎತ್ತೋ ಹೊತ್ತಿಗೆ ಇಬ್ರೂ ಕೂಗ್ತಿದ್ರು. ಯಾರು ಮೊದಲೋ ನಾನು ಕಾಣೆ."

ನನಗೆ ತಡೆಯಲಾಗಲಿಲ್ಲ. ಅವತ್ತು ನನ್ನ ಒಲೆಯ ಮುಂದೆ ಕೂತು ಏನು ಹೇಳಿದ್ದೆ ಮಾವ ಎಂದು ಬಾಗಿಲಿಂದಲೇ ಕೇಳಿದೆ. ಯಜಮಾನ ನನ್ನ ಕಡೆ ಮುಖ ತಿರುಗಿಸಿ, "ದಾವ್, ಅವತ್ತು ನೀನು ಬೋಟಲ್ಲಿ ಇದ್ದ್ಯಾ?" ಎಂದ. ಇಲ್ಲ ಎಂದೆ. "ಹಂಗಾದ್ರೆ ಚಹ ಬಗ್ಸು," ಎಂದ. ಯಾರೋ ಕಿಸಕ್ಕನೆ ನಕ್ಕರು. ಅಲ್ಲಿದ್ದ ಅರ್ಧ ಜನ ಮೂರು ವರ್ಷದ ಹಿಂದೆ ಲಿಯೆಮ್‌ನ ತಲೆಗೆ ಬಿಳಿ ಬಟ್ಟೆ ಕಟ್ಟಿದವರು, ಬೆನ್ನು ತಟ್ಟಿದವರು. ಈಗ ಒಬ್ಬೊಬ್ಬರೂ ಹೊಸ ಚಾವಣಿ ನೋಡುತ್ತ ಕೂತರು.

ಮಾರನೆಯ ದಿನ ಖಾಂಗ್ ಮೊದಲ ಹೆಗಲು ಕೊಟ್ಟ. ಸೈಗಾನಿನವನು ಕಣ್ಣೊರೆಸಿಕೊಂಡ. ಲಿಯೆಮ್ ಎಲ್ಲರ ಜೊತೆ ಮೂಳೆ ತೊಳೆದ, ಮೆರವಣಿಗೆಯ ಕೊನೆಯಲ್ಲಿ ನಡೆದ. ಮನೆಗೆ ಬಂದು ಹೊಟ್ಟೆನೋವು ಎಂದು ಮಲಗಿದವನು ಒಂದು ವಾರ ಏಳಲಿಲ್ಲ. ಲುವಾ ಅಪ್ಪನ ಮನೆಗೆ ಹೋಗುವುದನ್ನು ಬಿಟ್ಟಳು. ಗಂಡನ ಮುಖ ನೋಡಲಾಗದೆ, ಅಪ್ಪನನ್ನು ಬಯ್ಯಲಾಗದೆ ನನ್ನ ಅಡುಗೆಮನೆಗೆ ಬಂದು ಮೀನು ಹೆಚ್ಚುತ್ತ ಅಳುತ್ತಿದ್ದಳು.

ಖಾಂಗ್ ಅಷ್ಟರಲ್ಲೇ ಬಿಳಿ ಬಣ್ಣದ ದೊಡ್ಡ ಬೋಟು ತಂದ. ಚುಕ್ಕಾಣಿಗೆ ದಡದ ಊರಿಂದ ಒಬ್ಬ ಹುಮ್ಮಸ್ಸಿನವನನ್ನು ಕರೆಸಿಕೊಂಡ. ಮಾವನ ಹಳೇ ಬೋಟು ದೋಣಿ ಕಟ್ಟುವ ದಕ್ಕೆಯಲ್ಲಿ ಪಾಚಿ ಕಟ್ಟತೊಡಗಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಾಗಿರುವಾಗ, ಒಂದು ದಿನ ಲಿಯೆಮ್ ಬಂದು, ದಾಲಾತ್ ಕಡೆಯ ಸಣ್ಣದೊಂದು ತಂಡ ಸಿಕ್ಕಿದೆ, ಮಾವನ ಬೋಟು ಕೇಳಿದ್ದೇನೆ, ಊಟ ಬೋಟಿನಲ್ಲೇ ಆಗಬೇಕು, ನೀನೂ ಬಾ ಎಂದಾಗ ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನಿನಗೆ ಮಾನ ಮರ್ಯಾದೆ ಏನಾದರೂ ಇದೆಯೇ ಎಂದು ಕೇಳಿದೆ. ಅವನು ನನ್ನ ಒಲೆಗೆ ಬೇಕಾದ ಇದ್ದಿಲು ಮೂಟೆ ಕಟ್ಟತೊಡಗಿದ. ಮಾವನನ್ನು ಕ್ಷಮಿಸಿಬಿಟ್ಟ ಎಂದುಕೊಂಡೆ. ಇವನ ರಕ್ತದಲ್ಲಿ ಉಪ್ಪಿಲ್ಲ ಎಂದು ಬಯ್ದುಕೊಂಡೇ ಒಲೆ, ಪಾತ್ರೆ ಬೋಟಿಗೆ ಸಾಗಿಸಿದೆ.

ಅಳಿಯ ಮೂತಿಯಲ್ಲಿ, ಮಾವ ಚುಕ್ಕಾಣಿಯಲ್ಲಿ. ಮಾವ ಅವತ್ತು ಬಲು ಖುಷಿಯಲ್ಲಿದ್ದ. ಕೇಳದಿದ್ದರೂ ಅಳಿಯನಿಗೆ ಎಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು ತಂದಿದ್ದ. ಬಂದವರಲ್ಲಿ ಒಬ್ಬಳು ವಯಸ್ಸಾದ ಹೆಂಗಸು, ಯಾವುದೋ ಶಾಲೆಯಲ್ಲಿ ಪಾಠ ಹೇಳಿಕೊಟ್ಟು ನಿವೃತ್ತಳಾದವಳಂತೆ. ಉತ್ತರದ ಬಂಡೆಗಳು ಕಾಣುವ ಹೊತ್ತಿಗೆ, ಇಲ್ಲಿ ಅಜ್ಜನನ್ನು ಕಂಡ ಹಿರಿಮಗ ಯಾರೋ ಇದ್ದಾನಂತೆ, ನಿಮಗೆ ಗೊತ್ತೇ ಎಂದು ಲಿಯೆಮ್‌ನನ್ನು ಕೇಳಿದಳು.

ಸೂತಕ ಕಳೆದಿತ್ತು. ಈಗ ಅವನು ಏನು ಬೇಕಾದರೂ ಹೇಳಬಹುದಿತ್ತು. ನಾನು ಸೌಟು ಹಿಡಿದು ಕಾದೆ.

"ಅವತ್ತು ಬೋಟಲ್ಲಿ ನಾನೂ ಇದ್ದೆ, ನನ್ನ ತಮ್ಮನೂ ಇದ್ದ," ಎಂದ. "ಮೊದಲು ಕಂಡೋರು ಯಾರು ಅಂತ ನಮ್ಮ ಮಾವನ್ನೇ ಕೇಳಿ. ಅವತ್ತೂ ಚುಕ್ಕಾಣಿ ಅವರ ಕೈಲೇ ಇತ್ತು."

ದನಿಯಲ್ಲಿ ಕುಹಕವಿರಲಿಲ್ಲ. ಆಗ ನನಗೆ ಹೊಳೆಯಿತು. ಅವನು ಬೋಟು ಕೇಳಿದ್ದು ಇದಕ್ಕೆ. ಇಲ್ಲಿ ಯಜಮಾನನಿಲ್ಲ, ಸಿರಿವಂತನಿಲ್ಲ, ಖಾಂಗ್ ಇಲ್ಲ. ನಾಳೆ ದೋಣಿ ಹತ್ತಿ ಹೋಗುವ ಮುದುಕಿಯೊಬ್ಬಳ ಮುಂದೆ ನಿಜ ಹೇಳಿದರೆ ಮಾವನ ಗಂಟೇನೂ ಹೋಗುವುದಿಲ್ಲ. ಮೊದಲ ಹೆಗಲು ಹೋಯಿತು, ಅದು ಬರುವುದಿಲ್ಲ. ಒಂದೇ ಒಂದು ಸಲ ಮಾವನ ಬಾಯಲ್ಲಿ ಅದನ್ನು ಕೇಳಿದ್ದರೆ ಅವನಿಗೆ ಸಾಕಾಗಿತ್ತು. ಹೇಳು ಮುದುಕ ಎಂದು ನಾನು ಮನಸ್ಸಲ್ಲೇ ಅಂದೆ.

ಮುದುಕಿ ತಿರುಗಿ ಕೇಳಿದಳು. ಮಾವ ಅಳಿಯನನ್ನು ನೋಡಿದ, ನನ್ನನ್ನು ನೋಡಿದ. ಗುಡಿಯಲ್ಲಿ ಒಮ್ಮೆ ಆಡಿದ ಮಾತನ್ನು ಈಗ ತಿರುಗಿಸಿದರೆ ತಾನು ಸುಳ್ಳನಾಗುತ್ತೇನೆ ಎಂದು ಹೆದರಿದನೋ ಏನೋ.

"ಅವನ ತಮ್ಮನೇ ಕಣಮ್ಮ," ಎಂದ. "ನಾನೇ ನೋಡಿದ್ದೀನಲ್ಲ."

ಗುಡಿಯಲ್ಲಿ ಕಾಣೆ ಎಂದಿದ್ದವನು ಇಲ್ಲಿ ನೋಡಿದ್ದೇನೆ ಎಂದ. ಲಿಯೆಮ್ ಆ ಹೆಂಗಸಿಗೆ ತಲೆಯಾಡಿಸಿ, ಬಂಡೆಯ ಯಾವ ಬದಿಯಲ್ಲಿ ನೀರಿಗಿಳಿದರೆ ಹವಳ ಚೆನ್ನಾಗಿ ಕಾಣುತ್ತದೆ ಎಂದು ಹೇಳತೊಡಗಿದ. ನಾನು ಒಲೆಯ ಹೊಗೆಯ ನೆಪ ಮಾಡಿಕೊಂಡು ಅತ್ತೆ.

ದಡ ಸೇರಿದ ಮೇಲೆ ಲಿಯೆಮ್ ಬಂದವರನ್ನೆಲ್ಲ ಕೈ ಹಿಡಿದು ಇಳಿಸಿದ. ಕಡುಬಿನ ಪೊಟ್ಟಣ ಬಿಚ್ಚದೆ ಹಲಗೆಯ ಮೇಲೇ ಇತ್ತು. ಮದುವೆಯಾದಂದಿನಿಂದ ಇಷ್ಟು ವರ್ಷ ಅವನು ಆ ಮುದುಕನನ್ನು ಹೆತ್ತ ಅಪ್ಪನಿಗಿಂತ ಹೆಚ್ಚಾಗಿ ಮಾವ, ಮಾವ ಎಂದು ಕರೆದವನು. ದಕ್ಕೆಯ ಮೇಲೆ ನಿಂತು, ಹೊರಗಿನವರ ಜೊತೆ ಮಾತಾಡುವ ಹಾಗೆ ಕೈ ಮುಗಿದ.

"ಬೋಟಿಗೆ ಉಪಕಾರ ಆಯ್ತು, ತಾಮ್ ಅವರೇ," ಎಂದ.