ನೀರಿನ ಹಿಂದೆ ಇಳಿದ ಕಲ್ಲು

ಐವತ್ತರ ದಶಕದ ಕೊನೆಯಲ್ಲಿ, ನಾನು ಎಂಜಿನಿಯರಿಂಗ್ ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಮರುವರ್ಷ, ಕೆರೆ, ಕಾಲುವೆ, ಮಣ್ಣಿನ ಸವೆತದ ಬಗ್ಗೆ ಒಂದು ತಿಂಗಳ ತರಬೇತಿಗೆ ನಮ್ಮನ್ನು ಶಿಕಾರಿಪುರಕ್ಕೆ ಕಳಿಸಿದರು. ಹನ್ನೆರಡು ಜನರಿದ್ದೆವು. ಹದಿನಾಲ್ಕೂ ಇರಬಹುದು. ವಾರಕ್ಕೆ ಮೂರು ದಿನ ಶಾಲೆಯೊಂದರ ಕೊಠಡಿಯಲ್ಲಿ ಪಾಠ, ಮೂರು ದಿನ ಸೊರಬದ ಕಡೆಯ ಕೆರೆಗಳ ಮೇಲೆ ಕೆಲಸ. ಪಾಠ ಹೇಳುತ್ತಿದ್ದ ಹಿರಿಯ ಎಂಜಿನಿಯರು ಇಂಗ್ಲಿಷಿನಲ್ಲಿ ಕಲಿಸಿ ಕನ್ನಡದಲ್ಲಿ ಬೈಯುತ್ತಿದ್ದರು. "ನೀವು ಪುಸ್ತಕ ಓದಿದ್ದೀರಿ, ಸಂತೋಷ. ನೀರು ಓದಿಲ್ಲ ಕಣ್ರಯ್ಯಾ."

ಕೊನೆಯ ಪರೀಕ್ಷೆಗೆ ಇಬ್ಬಿಬ್ಬರಿಗೆ ಒಂದೊಂದು ಕೆಲಸ. ನನಗೂ ನನ್ನ ಜೊತೆಗಾರನಿಗೂ ಕುಬಟೂರಿನ ಆಚೆಯ ಒಂದು ಚಿಕ್ಕ ಕೆರೆ ಬಂತು. ಹೆಚ್ಚಾದ ನೀರು ಹೊರಗೆ ಬೀಳುವ ಅದರ ಕೋಡಿ ಹಿಂದಿನ ಮಳೆಗಾಲದಲ್ಲಿ ಕೊಚ್ಚಿಹೋಗಿತ್ತು. ಹಳೆಯ ಎತ್ತರಕ್ಕೇ ಹೊಸ ಕೋಡಿ ಕಟ್ಟಬೇಕು. ನಾವು ಗೂಟ ಹೊಡೆದು ಎತ್ತರ ತೋರಿಸಬೇಕು, ಗುರುಗಳು ಒಪ್ಪಿದರೆ ಊರವರು ಅಂದೇ ಪಾಯ ತೋಡುತ್ತಾರೆ. ತಪ್ಪಿದವರಿಗೆ ಮತ್ತೆ ಕಚೇರಿಯ ನಕ್ಷೆ ಮೇಜು. ಒಂದು ವರ್ಷ ಅಲ್ಲಿ ಕೂತು ಗೆರೆ ಎಳೆದಿದ್ದೆ. ಒಂದು ಗಂಟೆ ಕುರ್ಚಿಯಲ್ಲಿ ಕೂರಲಾಗದ ನನಗೆ ಅದು ಸೆರೆಮನೆಯೇ.

ಶನಿವಾರ ಮಟ್ಟ ನೋಡುವ ದುರ್ಬೀನು ನಿಲ್ಲಿಸಿ ಹಳೆಯ ಕೋಡಿಯ ಉಳಿದ ತುಂಡಿನ ಎತ್ತರ ಅಳೆದೆವು. ಅಳತೆಗೆ ಅಲುಗಾಡದ ಗುರುತೊಂದು ಬೇಕು. ಏರಿಯ ಒಳಮೈಯಲ್ಲಿ, ನೀರಿನ ಅಂಚಿಗೆ, ಅರಿಸಿನ ಕುಂಕುಮ ಹಚ್ಚಿದ ಚಪ್ಪಟೆ ಕಲ್ಲೊಂದಿತ್ತು.

"ಅದರ ಮೇಲೆ ಅಳತೆ ಕೋಲು ನಿಲ್ಸಿದ್ರೆ ಊರವರು ಅದೇ ಕೋಲಲ್ಲಿ ಬಾರಿಸ್ತಾರೆ ಮಾರಾಯ," ಎಂದ ಜೊತೆಗಾರ.

ನನಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ದೇವರ ಕಲ್ಲನ್ನು ಯಾರೂ ಕದಲಿಸುವುದಿಲ್ಲ ಎಂಬುದರಲ್ಲಿ ಮಾತ್ರ ಪೂರ್ತಿ ನಂಬಿಕೆ ಇತ್ತು. ಅದನ್ನೇ ಗುರುತಾಗಿ ಹಿಡಿದು, ಕೋಡಿ ಅದಕ್ಕಿಂತ ಎಷ್ಟು ಮೇಲಿದೆ ಎಂದು ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ಭಾನುವಾರ ಆಳುಗಳು ಕೋಡಿಯ ಹಳೆಯ ತುಂಡನ್ನೂ ಕಿತ್ತು ಜಾಗ ಚೊಕ್ಕ ಮಾಡಿದರು. ಅಲ್ಲಿಗೆ ಹಳೆಯ ಎತ್ತರ ಉಳಿದದ್ದು ನನ್ನ ಪುಸ್ತಕದಲ್ಲಿ ಮಾತ್ರ.

ಸೋಮವಾರ ಅದೇ ಕಲ್ಲಿನಿಂದ ಅಳೆದು ಗೂಟ ಹೊಡೆದೆವು. ಊರವರು ಗುದ್ದಲಿ ಹಿಡಿದು ಏರಿಯ ಮೇಲೆ ಕಾಯುತ್ತಿದ್ದರು. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ, ಕಂಬಳಿ ಹೊದ್ದ ಮುದುಕ, ಗೂಟದ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆರೆಯತ್ತ ನೋಡಿದರು.

"ಗೂಟ ಒಂದು ಗೇಣು ಕೆಳಗೆ ಬಂತಲ್ರೀ ಸ್ವಾಮಿ."

"ನಮ್ಮ ದುರ್ಬೀನಿಗಿಂತ ನಿಮ್ಮ ಕಣ್ಣು ಚೂಪೇನಜ್ಜಾ?"

"ಕಣ್ಣು ಮಂಜಾಗಿ ಎಷ್ಟೋ ವರ್ಷ ಆಯ್ತು. ಇಷ್ಟೇ ನೀರು ನಿಂತ್ರೆ ಕೊನೇ ಗದ್ದೆಗೆ ಮುಟ್ಟಲ್ಲ. ಆಗ ಬೈಸ್ಕೊಳ್ಳೋನು ನಾನು, ನಿಮ್ಮ ದುರ್ಬೀನಲ್ಲ."

ಸಿಟ್ಟಿನಿಂದ ಕಲ್ಲು ತೋರಿಸಿ, ಅಳತೆಯೆಲ್ಲ ಅದರಿಂದಲೇ ಎಂದೆ. ಅವರು ನಕ್ಕರು.

"ಅದನ್ನಾ? ನಿನ್ನೆ ಸಾಯಂಕಾಲ ನಾನೇ ಕೆಳಗಿಳಿಸಿದೆನಲ್ಲ!"

"ದೇವರ ಕಲ್ಲನ್ನ ಎತ್ತಿಡ್ತೀರಾ?"

"ಮತ್ತೆ? ತೂಬು ತೆಗೆದು ನಾಕು ದಿನ ಆಯ್ತು, ನೀರು ಇಳೀತು. ಗಂಗಮ್ಮ ನೀರಿನ ಅಂಚಲ್ಲಿ ಕೂರೋಳು. ಅವಳೊಬ್ಬಳನ್ನ ಮೇಲೆ ಒಣಗೋಕೆ ಬಿಡ್ಲಾ?"

ಶನಿವಾರವೂ ಕಲ್ಲು ನೀರಿನ ಅಂಚಿಗಿತ್ತು, ಸೋಮವಾರವೂ ನೀರಿನ ಅಂಚಿಗಿತ್ತು. ನನ್ನ ಕಣ್ಣಿಗೆ ಏನೂ ಬದಲಾಗಿರಲಿಲ್ಲ. ಎಷ್ಟು ಇಳಿದಿದೆ ಎಂದು ತಿಳಿಯಲು ಈಗ ದಾರಿಯೇ ಇರಲಿಲ್ಲ. "ಎಲ್ಲಾ ಗೂಟಾನೂ ಒಂದೊಂದು ಗೇಣು ಎತ್ತಿಬಿಡೋಣ," ಎಂದು ಜೊತೆಗಾರ ಪಿಸುಗುಟ್ಟುವಷ್ಟರಲ್ಲಿ ಗುರುಗಳ ಜೀಪು ಬಂತು.

ಇಲ್ಲಿಂದ ಮುಂದೆ ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ನೀರುಗಂಟಿಯೇ ಮೊದಲು ಎದ್ದು ಕೈಮುಗಿದದ್ದು ನಿಜ. "ತಪ್ಪು ನಂದು ಸ್ವಾಮಿ. ಇವರು ಗುರುತು ಇಟ್ಕೊಂಡ ಕಲ್ಲನ್ನ ಕೇಳದೆ ಸರಿಸಿಬಿಟ್ಟೆ." ಆಗ ನಾನು, "ಇಲ್ಲ ಸರ್, ವಿಚಾರಿಸದೆ ಗುರುತು ಹಿಡಿದದ್ದು ನಾನು," ಎಂದೆ. ಮನೆಯಲ್ಲಿ ಎಷ್ಟೋ ವರ್ಷ ಹೀಗೆಯೇ ಹೇಳಿಕೊಂಡು ಬಂದಿದ್ದೇನೆ. ಆದರೆ ಅಂದಿನ ಅಳತೆ ಪುಸ್ತಕ ಇನ್ನೂ ನನ್ನ ಬಳಿ ಇದೆ. ಸೋಮವಾರದ ಪುಟಕ್ಕೆ ಕೆಂಪು ಗೀಟು, ಪಕ್ಕದಲ್ಲಿ ಗುರುಗಳ ಕೈಬರಹ: ಕಲ್ಲು ಸರಿದಿತ್ತು, ನೀರುಗಂಟಿ ತಿಳಿಸಿದ. ನನ್ನ ಮಾತಿಲ್ಲ. ಮುಂದೊಮ್ಮೆ ಸಿಕ್ಕ ಜೊತೆಗಾರನೂ, "ನೀನೆಲ್ಲಿ ಮಾತಾಡಿದೆ ಮಾರಾಯ? ಬಾಯಿ ಒಣಗಿಸ್ಕೊಂಡು ನಿಂತಿದ್ದೆ," ಎಂದ. ಅವನೇ ಸರಿಯಿರಬೇಕು.

ಗುರುಗಳು ಬೈಯಲಿಲ್ಲ. "ಎಂದೂ ಅಲುಗಾಡದ ಗುರುತು ಯಾವ್ದಾದ್ರೂ ಇದೆಯೇನಪ್ಪಾ?" ಎಂದು ಮುದುಕನನ್ನು ಕೇಳಿದರು. ನೀರುಗಂಟಿ ಪಂಚೆ ಎತ್ತಿಕಟ್ಟಿ ನೀರಿಗಿಳಿದು, ತೂಬಿನ ಕಲ್ಲುಕಂಬದ ಪಾಚಿಯನ್ನು ಹೆಬ್ಬೆರಳಿಂದ ಒರೆಸಿದರು. ಬೆರಳಷ್ಟು ಅಗಲದ ಗೀರು ಕಂಡಿತು.

"ನಮ್ಮಜ್ಜ ಹೊಡೆದದ್ದು. ನೀರು ಇಲ್ಲಿಗೆ ಬಂತು ಅಂದ್ರೆ ಅಲ್ಲಿ ಕೋಡಿ ಬಿತ್ತು ಅಂತ."

ಅದರ ಮೇಲೆ ಕೋಲು ಹಿಡಿದು ಮತ್ತೆ ಅಳೆದೆವು. ಗೂಟಗಳು ಒಂಬತ್ತು ಅಂಗುಲ ಮೇಲೇರಬೇಕಾಯಿತು. ಸರಿಯಾಗಿ ಒಂದು ಗೇಣು. ಆ ಸಂಜೆಯೇ ಪಾಯಕ್ಕೆ ಗುದ್ದಲಿ ಬಿತ್ತು, ನಾನು ಪಾಸಾದೆ. ಬದುಕಿನ ಮೂವತ್ತು ಚಿಲ್ಲರೆ ವರ್ಷ ಬಯಲಿನಲ್ಲೇ ಕಳೆಯುವ ಭಾಗ್ಯ ಸಿಕ್ಕಿತು.

ಮುಂದಿನ ಮಳೆಗಾಲದಲ್ಲಿ ರಜೆ ಹಾಕಿ ಆ ಕೆರೆಗೆ ಹೋದೆ. ಹೊಸ ಕೋಡಿಯ ಮೇಲೆ ನೀರು ಬೀಳುತ್ತಿತ್ತು. ಗಂಗಮ್ಮ ಹತ್ತಿ ಹತ್ತಿ ಏರಿಯ ತುದಿಯ ಹತ್ತಿರ ಬಂದು ಕೂತಿದ್ದಳು. "ಅವತ್ತಿನ ತಪ್ಪು ನಂದೇ ಅಜ್ಜಾ, ನೀವು ನನ್ನ ಉಳಿಸಿದ್ರಿ," ಎಂದೆ.

"ಗೊತ್ತಲ್ರೀ," ಎಂದರು ಮುದುಕ. "ಕೊನೇ ಗದ್ದೆಗೆ ನೀರು ಹೋಗ್ತಾ ಇದೆ, ನೋಡ್ಕೊಂಡು ಬರೋಣ ಬನ್ನಿ."

ಹೋದೆವು. ಇದನ್ನು ಮಾತ್ರ ನಾನು ಅನುಮಾನಿಸುವುದಿಲ್ಲ, ಏಕೆಂದರೆ ಆ ಕೊನೆಯ ಗದ್ದೆಯ ಕೆಸರಿನಲ್ಲಿ ನನ್ನ ಎಡಗಾಲಿನ ಬೂಟು ಹೂತುಹೋಯಿತು, ಇಬ್ಬರೂ ಕೈಹಾಕಿ ತಡಕಿದರೂ ಸಿಗಲಿಲ್ಲ.