ಹನುಮವ್ವ ಕಲಿಸಿದ ಅಡ್ಜಸ್ಟ್

ಲಗ್ಗೆರೆಯ ಹನುಮವ್ವನಿಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಒಂದು ಪದ: ಅಡ್ಜಸ್ಟ್. ಒಂದೇ ಆದರೂ ಅವಳ ಬೆಂಗಳೂರಿನ ಸಂಸಾರವೆಲ್ಲ ಅದರ ಮೇಲೇ ನಡೆದಿತ್ತು. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವಳಾಗಿ ಕೂರುವಾಗ ಅಡ್ಜಸ್ಟ್. ನೀರು ಬಾರದ ದಿನ ಪಕ್ಕದ ಮನೆಯವರ ಮುಂದೆ ಕೊಡ ಹಿಡಿದು ನಿಂತಾಗ ಅಡ್ಜಸ್ಟ್. ಒಂದೇ ಕೋಣೆಯಲ್ಲಿ ಐದು ಜನ ಕಾಲು ಮಡಚಿ ಮಲಗಿದರೂ ಅದೇ. ಕೊಪ್ಪಳದಿಂದ ಬಂದ ತಂಗಿ ದಾನೇಶ್ವರಿಗೂ ಮೊದಲ ದಿನವೇ ಕಲಿಸಿದ್ದಳು: "ಇಲ್ಲಿ ಯಾರು ಏನಂದ್ರೂ ಅಡ್ಜಸ್ಟ್ ಮಾಡ್ಕೋತೀನ್ರಿ ಅನ್ನು. ಬಾಳೇವು ಬಂಗಾರ ಆಕ್ಕೈತಿ."

ಬಂಗಾರವಂತೆ, ಬಂಗಾರ!

ಅಕ್ಕ ತಂಗಿ ಇಬ್ಬರಿಗೂ ಕೆಲಸ ಪೀಣ್ಯದ ಒಂದು ಶೆಡ್ಡಿನಲ್ಲಿ. ಹನುಮವ್ವ ತಗಡು ಒತ್ತುವ ಪ್ರೆಸ್ಸಿನ ಮುಂದೆ, ದಾನೇಶ್ವರಿ ಪ್ಯಾಕಿಂಗಿನಲ್ಲಿ. ಎರಡು ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸಿನ ಅಚ್ಚು ಇಳಿಯಬೇಕು. ಬೆರಳು ಉಳಿಯಲೆಂದೇ ಆ ಏರ್ಪಾಡು. ಆರ್ಡರ್ ಜಾಸ್ತಿಯಾದ ವಾರ ಸೂಪರ್‌ವೈಸರ್ ಪರಮಾನಂದ ಒಂದು ಗುಂಡಿಯನ್ನು ಒತ್ತಿ ಟೇಪು ಸುತ್ತಿಬಿಟ್ಟ. "ಒಂದ್ ಕೈಲಿ ತಗಡು ಇಡು, ಇನ್ನೊಂದ್ ಕೈಲಿ ಒತ್ತು. ಬೇಗ ಆಗುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ."

ಮೂರು ದಿನ ಮಾಡಿಕೊಂಡಳು. ಊಟಕ್ಕೆ ಕೂತರೆ ರೊಟ್ಟಿ ಮುರಿಯುವ ಮೊದಲು ಬೆರಳು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾಲ್ಕನೆಯ ದಿನ ಗಾಬರಿಯಲ್ಲಿ ಕೈ ಹಿಂದೆಳೆದುಕೊಂಡಾಗ ತಗಡು ಕೆಳಗೆ ಬಿತ್ತು.

"ನಿನ್ ಕೈಲಿ ಆಗಲ್ಲ, ಏಳು," ಎಂದು ಪರಮಾನಂದ ರೇಗಿದ. "ದಾನೇಶ್ವರಿ, ನೀನ್ ಬಾ."

ದಾನೇಶ್ವರಿ ಓಡಿಬಂದು ಕೂತಳು. "ಅಡ್ಜಸ್ಟ್ ಮಾಡ್ಕೋತೀನ್ರಿ ಸಾರ್," ಎಂದಳು ನಗುನಗುತ್ತಾ.

ಹನುಮವ್ವ ಇಷ್ಟು ದಿನ ತನ್ನ ಬೆರಳಿಗೆ ಹೆದರಿದ್ದು ಇದರ ಮುಂದೆ ಹೆದರಿಕೆಯೇ ಅಲ್ಲ! ತಂಗಿಯ ಎಡಗೈ ಅಚ್ಚಿನಡಿ ಹೋಯಿತು, ಬಲಗೈ ಗುಂಡಿಯತ್ತ ಎದ್ದಿತು. ಹನುಮವ್ವ ನುಗ್ಗಿ ಅವಳ ಎರಡೂ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

"ಏಯ್, ಕೆಲ್ಸ ಬೇಡ್ವಾ ನಿಂಗೆ?"

"ಬೇಕ್ರಿ ಸಾರ್." ಹನುಮವ್ವ ಹಾಗೆನ್ನುತ್ತಲೇ ಉಗುರು ಹಾಕಿ ಗುಂಡಿಯ ಟೇಪು ಕಿತ್ತಳು.

"ಇಬ್ರೂ ಗೇಟಾಚೆ ನಡೀರಿ!"

ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ದಾನೇಶ್ವರಿ ಅಳತೊಡಗಿದಳು. "ಯಕ್ಕಾ, ಅಡ್ಜಸ್ಟ್ ಮಾಡ್ಕೋ ಅಂತ ಕಲಿಸಿದಾಕಿ ನೀನ ಅಲ್ಲೇನು?"

"ಹೌದವ್ವಾ, ತಪ್ಪು ಕಲಿಸಿದೆ," ಎಂದ ಹನುಮವ್ವ ತಂಗಿಯ ಕೈಗಳನ್ನು ತನ್ನ ಕೈಗೆ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಹತ್ತು ಇದ್ದವು. ಮತ್ತೆ ಎಣಿಸಿದಳು.