ಸೂತಕದ ಮನೆಯ ಸರದಿ

ಭೀಮಶಂಕರ್ ಮಾಡುವ ಕೆಲಸ ಏನೆಂದು ನಾರಾಯಣಪೇಟೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೆತ್ತ ತಾಯಿ ಮೈಲಮ್ಮನೇ, ಕೇಳಿದವರಿಗೆ, "ಹೈದರಾಬಾದಿನ ಕಂಪ್ಯೂಟರ್ ಆಫೀಸಿನ್ಯಾಗ ಎಂಥದೋ ಹಂಚತಾನ್ರೀ" ಎಂದು ಮಾತು ಮುಗಿಸುತ್ತಿದ್ದಳು. ನೋಡಹೋದರೆ ಆಕೆ ಹೇಳಿದ್ದೇ ಸರಿ. ಅಲ್ಲಿಯ ಒಂದು ಕೇಂದ್ರದಲ್ಲಿ ದೊಡ್ಡ ಹಾಲಿನ ತುಂಬ ಹರಡಿಕೊಂಡ ಸೂಪರ್ ಕಂಪ್ಯೂಟರ್ ಇದೆ. ಮಳೆ, ಔಷಧಿ, ನಕ್ಷತ್ರ ಎಂದು ತಲೆ ಕೆಡಿಸಿಕೊಂಡ ವಿಜ್ಞಾನಿಗಳೆಲ್ಲ ಅದರ ಮುಂದೆ ಸಾಲು ನಿಂತಿರುತ್ತಾರೆ. ಯಂತ್ರ ಯಾರಿಗೆ, ಎಂದಿನಿಂದ ಎಂದಿನವರೆಗೆ ಎಂದು ಪಟ್ಟಿ ಮಾಡುವವನು ಈತ. ಅಪ್ಪ ಹಾಸಿಗೆ ಹಿಡಿದ ಮೇಲೆ ಆ ಕೆಲಸವನ್ನು ಊರಿನಿಂದಲೇ ಮಾಡುತ್ತಿದ್ದ.

ಹಂಚುವ ವಿದ್ಯೆ ಅವನಿಗೆ ಬಂದದ್ದೂ ಅಪ್ಪನಿಂದಲೇ. ಅಪ್ಪ ಬೀರಲಿಂಗಪ್ಪನ ಮುನ್ನೂರು ಕುರಿ ದಾಮರಗಿದ್ದ ಊರಿನ ಕಡೆ ಯಾರ ಹೊಲದಲ್ಲಿ ತಂಗುತ್ತವೋ ಆ ಹೊಲಕ್ಕೆ ಆ ವರ್ಷ ಗೊಬ್ಬರದ ಚಿಂತೆಯಿಲ್ಲ. ಎಲ್ಲರಿಗೂ ಬೇಕು, ಇರುವುದು ಒಂದೇ ಮಂದೆ. ಮುದುಕ ಸರದಿಯನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದ. ಯಾವುದಾದರೂ ಮನೆಯಲ್ಲಿ ಸಾವಾದರೆ ಆ ಮನೆಯ ಸರದಿಯನ್ನು ಮುಂದಿನ ಹೊಲಕ್ಕೆ ಕೊಡುತ್ತಿದ್ದ. ಹನ್ನೊಂದನೆಯ ದಿನ ಕಳೆದ ಮೇಲೆ, ಅವರು ಬಾಯಿ ಬಿಡುವ ಮೊದಲೇ, ಮಂದೆಯನ್ನು ತಂದು ಅವರ ಹೊಲದಲ್ಲಿ ನಿಲ್ಲಿಸುತ್ತಿದ್ದ. ನಡುವೆ ಅವರನ್ನು ಒಂದು ಮಾತು ಕೇಳುವುದಿಲ್ಲ. ಸತ್ತವರ ಮನೆಗೆ ಹೋಗಿ ಗೊಬ್ಬರದ ಸುದ್ದಿ ಎತ್ತಬಾರದು ಎನ್ನುವುದು ಅವನ ಕಟ್ಟಳೆ.

ಜನವರಿಯಲ್ಲಿ ಬೀರಲಿಂಗಪ್ಪ ತೀರಿಕೊಂಡ. ಭೀಮಶಂಕರನಿಗೆ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯಂತೆ ಮನಸ್ಸು ಜೋಮು ಹಿಡಿದಿತ್ತು. ಉಂಡ, ಎದ್ದ, ಪಟ್ಟಿ ಮಾಡಿದ.

ಮಾರ್ಚ್ ತಿಂಗಳ ಒಂದು ಭಾನುವಾರ ಗದ್ವಾಲದಿಂದ ನವನೀತಾ ಫೋನ್ ಮಾಡಿದಳು. ಆಕೆ ನೇಕಾರ ಶಂಕರಯ್ಯನ ಮಗಳು. ಕೃಷ್ಣೆ, ತುಂಗಭದ್ರೆ ಎರಡೂ ಒಟ್ಟಿಗೆ ಉಕ್ಕಿದರೆ ಯಾವ ಊರಿನಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎನ್ನುವುದು ಅವಳ ಸಂಶೋಧನೆ. ಮರುದಿನದಿಂದ ಹತ್ತು ದಿನ ಯಂತ್ರ ಅವಳ ಪಾಲಿಗೆ ಬಂದಿತ್ತು. ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕು. ಅದು ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಗಡುವು.

"ಸಾರ್, ನಮ್ಮಪ್ಪ ಮುಂಜಾನಿ ತೀರಿಕೊಂಡ್ರು. ಎರಡು ದಿನ ನಾ ಫೋನ್ ತೆಗೆಯಂಗಿಲ್ರಿ, ಅದಕ್ಕ ಹೇಳಿದೆ."

"ಆತಮ್ಮಾ. ನೀ ಏನೂ ಚಿಂತಿ ಮಾಡಬ್ಯಾಡ," ಎಂದ ಭೀಮಶಂಕರ್.

ಫೋನಿಟ್ಟವನೇ ಅವಳ ಹತ್ತು ದಿನಗಳನ್ನು ಪಟ್ಟಿಯಲ್ಲಿ ಅವಳ ನಂತರವಿದ್ದ ಸಾಯಿಪ್ರಸಾದನ ಔಷಧಿ ಸಂಶೋಧನೆಗೆ ಕೊಟ್ಟ. ಅವಳ ಹೆಸರನ್ನು ಅದರ ಕೆಳಗೆ ಬರೆದ. ಅವಳನ್ನು ಕೇಳಲಿಲ್ಲ. ಬಹಳ ದಿನಗಳ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡು ಚಹಾ ಕುಡಿದ. ಆ ಹತ್ತು ದಿನ ಮುಗಿದ ಮರುದಿನವೇ ಯಂತ್ರವನ್ನು ವರ್ಷದ ರಿಪೇರಿಗೆಂದು ಮೂರು ವಾರ ಮುಚ್ಚುವುದಿತ್ತು. ಎಲ್ಲರಿಗೂ ಆ ನೋಟಿಸು ಕಳಿಸಿದವನು ಇವನೇ. ಜೋಮು ಹಿಡಿದ ತಲೆಗೆ ಅದು ಹೊಳೆಯಲೇ ಇಲ್ಲ.

ಬುಧವಾರ ನವನೀತಾಳಿಂದ ಸಂದೇಶ ಬಂತು. "ಸಾರ್, ಯಂತ್ರ ನನ್ನ ಕೆಲಸ ತೊಗೊಳ್ಳವಲ್ದು. ನನ್ನ ಸರದಿ ಎಲ್ಲಿ ಹೋತು?"

ಆಗ ನೋಟಿಸು ನೆನಪಾಯಿತು. ಸಾಯಿಪ್ರಸಾದನಿಗೆ ಫೋನ್ ಹಚ್ಚಿದ. ಅವನದೇನೂ ತಪ್ಪಿರಲಿಲ್ಲ. ಲೆಕ್ಕ ಅರ್ಧಕ್ಕೆ ನಿಲ್ಲಿಸಿದರೆ ಮೂರು ದಿನದ ಕೆಲಸ ಮಣ್ಣುಪಾಲು, ತಾನಾಗಿ ಬೇಡಿರಲಿಲ್ಲ, ಕೊಟ್ಟವರು ನೀವೇ ಎಂದ. ಮೇಲಿನವರನ್ನು ಕೇಳಿದರೆ, ಕೊಟ್ಟ ಸರದಿ ಹಿಂದಕ್ಕೆ ಪಡೆಯುವ ನಿಯಮವೇ ಇಲ್ಲ ಎಂದರು. ಹೊಲವಾಗಿದ್ದರೆ ಎರಡೂ ಕಡೆಯವರನ್ನು ಕೂರಿಸಿ ಮಾತಾಡಬಹುದಿತ್ತು.

ಇದನ್ನು ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಮರುದಿನ ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಜುರಾಲ ಅಣೆಕಟ್ಟು ದಾಟಿ ಗದ್ವಾಲಕ್ಕೆ ಹೋದ. ಮನೆಯಲ್ಲಿ ಮಗ್ಗ ನಿಂತಿತ್ತು. ಅರ್ಧ ನೇಯ್ದ ಸೀರೆಯ ಮೇಲೆ ಹಳೆಯ ಪಂಚೆ ಹೊದಿಸಿದ್ದರು. ಶಂಕರಯ್ಯನ ಹೆಂಡತಿ ಅನಂತಮ್ಮ ಗೋಡೆಗೆ ಒರಗಿ ಕೂತಿದ್ದಳು. ನವನೀತಾ ಮಗ್ಗದ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ಭೀಮಶಂಕರ್ ನಡೆದದ್ದನ್ನೆಲ್ಲ, ಅಪ್ಪನ ಮಂದೆಯ ಕಟ್ಟಳೆಯನ್ನೂ ಸೇರಿಸಿ, ಒಂದೂ ಬಿಡದೆ ಹೇಳಿದ.

"ಮೂರು ವರ್ಷದ ಹಿಂದ ಅಪ್ಪ ನನ್ನ ಹೊಳಿದಂಡಿ ಊರಿಗೆ ಕರಕೊಂಡು ಹೋಗಿದ್ರರಿ," ಎಂದಳು ನವನೀತಾ. "ಅವ್ವನ ತವರುಮನಿ. ಹಿಂದಿನ ದೊಡ್ಡ ನೆರಿ ಇಲ್ಲೀಮಟ ಬಂದಿತ್ತು ಅಂತ ಗ್ವಾಡಿ ಮ್ಯಾಲ ಕೈಯಿಟ್ಟು ತೋರಿಸಿದ್ರು. ನನ್ನ ಲೆಕ್ಕದ ನೀರು ಅಪ್ಪನ ಕೈತನಾ ಬರ್ತದೋ ಇಲ್ಲೋ, ಅದೊಂದು ನೋಡೂದಿತ್ತು."

"ಸೂತಕದಾಗ ನೀ ಕೆಲ್ಸಕ್ಕ ಕೂಡ್ತಿ ಅಂತ ನನಗ ಅನಿಸಲಿಲ್ಲಮ್ಮಾ."

"ನಿಮ್ಮಪ್ಪ ಹೋದಾಗ ನೀವು ಎಷ್ಟು ದಿನ ಕೆಲ್ಸ ಬಿಟ್ರಿ ಸಾರ್?"

ಭೀಮಶಂಕರನಿಗೆ ಆ ದಿನ ಕಣ್ಮುಂದೆ ಬಂತು. ಮಣ್ಣು ಮಾಡಿ ಬಂದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದ. ಮೂರು ತಿಂಗಳ ಪಟ್ಟಿ ಅಂದೇ ಮುಗಿಸಿದ್ದ. ನವನೀತಾಳ ಹತ್ತು ದಿನಗಳನ್ನು ಗೊತ್ತು ಮಾಡಿದ್ದೂ ಅವತ್ತೇ.

"ಬಿಡಲಿಲ್ಲ," ಎಂದ. "ಸುಮ್ನ ಕೂಡಾಕ ಆಗಲಿಲ್ಲ."

"ನನಗೂ ಆಗವಲ್ದು ಸಾರ್," ಎಂದಳು ನವನೀತಾ.

ಅವಳು ತಿಂಗಳ ಕೊನೆಗೆ, ತಾಯಿಯ ತವರೂರಿನ ಲೆಕ್ಕದ ಅಧ್ಯಾಯ ಬಿಟ್ಟು ಪ್ರಬಂಧ ಒಪ್ಪಿಸಿದಳು. ಆದರೆ ಅದು ಆಮೇಲಿನ ಮಾತು. ಅಂದು ಸಂಜೆ ಭೀಮಶಂಕರ್ ಮನೆ ಸೇರಿದಾಗ ಮೈಲಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದಳು.

"ಹುಡುಗಿ ಬೈದ್ಲೇನು?"

"ಇಲ್ಲಬೇ."

ಮೈಲಮ್ಮ ಒಂದು ಚೊಂಬು ನೀರು ತಂದುಕೊಟ್ಟಳು. ಅವನು ಅದನ್ನು ಹಿಡಿದುಕೊಂಡು, ಅಪ್ಪ ಹೋದ ದಿನ ಕೂತಿದ್ದ ಜಾಗದಲ್ಲೇ ಕೂತ. ಲ್ಯಾಪ್‌ಟಾಪ್ ಚೀಲದಲ್ಲೇ ಇತ್ತು, ತೆರೆಯಲಿಲ್ಲ. ಎರಡು ತಿಂಗಳಲ್ಲಿ ಅವನು ಕೆಲಸವಿಲ್ಲದೆ ಕೂತದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ, ಜನವರಿಯಿಂದ ಬಾರದ ಅಳು ಬಂತು, ಚೊಂಬಿನ ನೀರು ತುಳುಕಿತು. ಮೈಲಮ್ಮ ಏನೂ ಕೇಳದೆ ಚೊಂಬನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟಳು.